ಅಣ್ಣ ಒಳಗೆ ಬಂದ ದಿನ

ಸುಲ್ತಾನ್‌ಪೇಟೆಯ ನಮ್ಮ ಅಂಗಡಿಯಲ್ಲಿ ಎರಡು ತರಹದ ಕಾರ್ಡು ಮಾರುತ್ತೇವೆ. ಮುಂದಿನ ಕಪಾಟುಗಳಲ್ಲಿ ಮದುವೆಯದು, ಗೃಹಪ್ರವೇಶದ್ದು, ನಾಮಕರಣದ್ದು. ಹಿಂದೆ, ಮಹಡಿ ಮೆಟ್ಟಿಲಿನ ಕೆಳಗೆ, ಯಾರಾದರೂ ಕೇಳಿದರೆ ಮಾತ್ರ ತೆಗೆಯುವ ಬಿಳಿ ಕಾರ್ಡು. ಅದು ತಿಥಿಗೆ, ಶಿವಗಣಾರಾಧನೆಗೆ. ಅಪ್ಪನ ಕಾಲದಿಂದಲೂ ಆ ಬಿಳಿ ಕಟ್ಟು ಮೆಟ್ಟಿಲಿನ ಕೆಳಗಿನಿಂದ ಕದಲಿದ್ದಿಲ್ಲ. ಕೊರೋನಾದ ಎರಡನೇ ಅಲೆ ಮುಗಿದು ಅಂಗಡಿ ಬಾಗಿಲು ತೆಗೆದ ಮೇಲೆ ಮಾತ್ರ ಅದು ಮುಂದಿನ ಮೇಜಿಗೆ ಬಂತು. ಅದರ ಹಿಂದಿನ ಚಳಿಗಾಲದಲ್ಲಿ ಮದುವೆ ಕಾರ್ಡು ಮಾಡಿಸಿಕೊಂಡು ಹೋದ ಮನೆಗಳವರೇ ತಿರುಗಿ ಬಂದು ಬಿಳಿಯದನ್ನು ಕೇಳಿದರು. ಅಂಗಡಿಯಲ್ಲಿ ಕರಡು ತಿದ್ದುವವಳು ನಾನು. ಮದುಮಗನ ತಂದೆ ಎಂದು ತಿದ್ದಿದ ಹೆಸರನ್ನೇ ಲಿಂಗೈಕ್ಯರಾದರು ಎನ್ನುವ ಸಾಲಿನಲ್ಲಿ ಮತ್ತೆ ತಿದ್ದಿದ್ದೇನೆ. ಕಾಗುಣಿತ ಸರಿಯಾಗಿದೆಯೇ ಎಂದು ನೋಡುವುದು ನನ್ನ ಕೆಲಸ, ಅಷ್ಟನ್ನೇ ನೋಡಲು ಪ್ರಯತ್ನ ಪಟ್ಟೆ.

ಆ ವರ್ಷದ ಕೊನೆಗೆ ಹೊಸ ತಳಿಯ ಸುದ್ದಿ ಬಂದ ಬೆಳಗ್ಗೆ ಅಣ್ಣ ಪೇಪರು ಮಡಿಸಿಟ್ಟು ಸೀದಾ ಮೆಟ್ಟಿಲಿನ ಕೆಳಗೆ ಬಗ್ಗಿದ.

"ಬಿಳಿದು ಎಷ್ಟಿದೆ ನೋಡೇ, ಸಾಕಾಗುತ್ತೋ ಇಲ್ವೋ" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಮಗಳ ಮದುವೆ ಕಾರ್ಡು ಇನ್ನೂ ಪ್ರಿಂಟಾಗಿಲ್ಲ, ಬಿಳಿದು ಲೆಕ್ಕ ಹಾಕ್ತಿದೀಯಾ?" ಅಂತ ಬೈದೆ. ಅವನು ಧೂಳು ಕೊಡವಿಕೊಂಡು ಎದ್ದ. ಅವನು ಲೆಕ್ಕ ಹಾಕುತ್ತಿದ್ದದ್ದು ವ್ಯಾಪಾರಕ್ಕಲ್ಲ ಎಂದು ನನಗೂ ಗೊತ್ತಿತ್ತು. ಅವನ ತಲೆಯಲ್ಲಿ ಇದ್ದದ್ದು ಅಕ್ಕ.

ಅಕ್ಕ ನಮ್ಮಿಬ್ಬರಿಗೂ ದೊಡ್ಡವಳು, ಆಗಲೇ ಅರವತ್ತು ದಾಟಿದ್ದಳು. ಚಾಮರಾಜಪೇಟೆಯಲ್ಲಿ ಅವಳೂ ಭಾವನೂ ಕೆಳಗಿನ ಮನೆಯಲ್ಲಿ, ಒಂಟಿಯಾದ ನಾನು ಹೊರಗಿನ ಮೆಟ್ಟಿಲು ಹತ್ತಿ ಹೋಗುವ ಮೇಲಿನ ಕೋಣೆಯಲ್ಲಿ. ಕೆಲವು ವರ್ಷಗಳ ಹಿಂದೆ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಾಗ ಅಣ್ಣ ತನ್ನದೊಂದನ್ನು ಕೊಟ್ಟ. ಕೊಡುತ್ತೇನೆ ಎಂದು ಹೇಳಲು ಒಂದು ಗಳಿಗೆಯೂ ತೆಗೆದುಕೊಳ್ಳಲಿಲ್ಲ, ಆದರೆ ಕೊಟ್ಟ ಮೇಲೆ ಅದನ್ನು ಮರೆಯಲೂ ಇಲ್ಲ. ಮನೆಗೆ ಬಂದರೆ "ನಂದು ಹೆಂಗಿದೆ?" ಎಂದೇ ಕೇಳುವುದು. ಅಕ್ಕ ಹೊಟ್ಟೆಯ ಪಕ್ಕ ಕೈ ಇಟ್ಟು "ನಿನಗಿಂತ ಸೋಮಾರಿ ಅಲ್ಲ, ಕೆಲಸ ಮಾಡ್ತಿದೆ" ಅನ್ನುವಳು. ಬೇರೆಯವರ ಅಂಗವನ್ನು ಮೈ ಒದ್ದು ಹೊರಹಾಕದಿರಲಿ ಎಂದು ಅವಳು ದಿನವೂ ಮಾತ್ರೆ ನುಂಗಬೇಕಿತ್ತು. ಆ ಮಾತ್ರೆಗಳು ಮೈಯ ಕಾವಲನ್ನೇ ಮಂಕು ಮಾಡಿ ಇಡುತ್ತವೆ. ಹಾಗಾಗಿ ಬೇರೆಯವರ ನೆಗಡಿ ಅಕ್ಕನ ಪಾಲಿಗೆ ನೆಗಡಿಯಲ್ಲ.

ಇಷ್ಟು ಹೇಳಿದರೆ ಆ ಡಿಸೆಂಬರ್, ಜನವರಿಯ ಭಾನುವಾರಗಳಲ್ಲಿ ನಮ್ಮ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಅರ್ಥವಾಗುತ್ತದೆ. ವೀಡಿಯೊ ಕರೆಯಲ್ಲಿ ಅತ್ತ ಅಣ್ಣ, ಇತ್ತ ಭಾವ, ನಡುವೆ ಮೂರನೇ ಡೋಸು. ಸರ್ಕಾರ ಅದಕ್ಕೆ ಮುನ್ನೆಚ್ಚರಿಕೆ ಡೋಸ್ ಎಂದು ಹೆಸರಿಟ್ಟಿತ್ತು, ಊರೆಲ್ಲ ಬೂಸ್ಟರ್ ಅನ್ನುತ್ತಿತ್ತು. ಎರಡನೆಯದು ಹಾಕಿಸಿಕೊಂಡು ಒಂಬತ್ತು ತಿಂಗಳು ತುಂಬಿದ ಮೇಲೆಯೇ ಕೊಡುವುದು ಎಂದು ನಿಯಮ. "ಬಸುರಿ ಲೆಕ್ಕ ಇಟ್ಟ ಹಾಗೆ ಇಡ್ತಿದಾರಲ್ಲೇ ನನ್ನ" ಎಂದು ಅಕ್ಕ ನಕ್ಕಿದ್ದಳು. ಒಂಬತ್ತು ತುಂಬುವುದು ಸಂಕ್ರಾಂತಿಯ ಹೊತ್ತಿಗೆ. ಅಣ್ಣನ ಮಗಳ ಮದುವೆ ಮಾಘ ಮಾಸದಲ್ಲಿ. ಅಕ್ಕ ಹುಡುಗಿಗೆ ಸೋದರತ್ತೆ.

ಭಾವ ಶೇಷಾದ್ರಿಪುರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತರಾದವರು. ಎದುರಿಗೆ ಒಬ್ಬನೇ ಕೂತಿದ್ದರೂ ಹಿಂದಿನ ಬೆಂಚಿಗೆ ಕೇಳಿಸುವ ಹಾಗೆ ಮಾತಾಡುತ್ತಾರೆ. ಅಣ್ಣ ಪಿಯುಸಿಗೇ ಓದು ಬಿಟ್ಟು ಗಲ್ಲಾಪೆಟ್ಟಿಗೆ ಮುಂದೆ ಕೂತವನು, ಆದರೆ ಮಾತಿಗೆ ಸೋಲುವ ಪೈಕಿ ಅಲ್ಲ.

"ಭಾವ, ಹೋದ ವರ್ಷದ ಮದುವೆ ಕಾರ್ಡಿನ ಅಚ್ಚು ಬ್ಲಾಕ್ ಇಟ್ಕೊಂಡು ಈ ವರ್ಷದ ಹುಡುಗನ ಹೆಸರು ಹೊಡೆಯೋಕಾಗುತ್ತಾ? ಲಸಿಕೆ ಮಾಡಿರೋದು ಹಳೇ ವೈರಸ್‌ಗೆ. ಬಂದಿರೋದು ಬೇರೆ. ಎರಡು ಹಾಕಿಸ್ಕೊಂಡೋರಿಗೆಲ್ಲ ಬರ್ತಾನೇ ಇದೆ."

"ಹೆಸರು ಬದಲಾಗಿದೆ ಕಣಯ್ಯ, ಒಪ್ತೀನಿ. ಮಿಕ್ಕ ಪತ್ರಿಕೆ ಅದೇ ತಾನೆ? ದೇಹ ಅಷ್ಟು ಓದ್ಕೊಂಡ್ರೂ ಸಾಕು. ಸೋಂಕು ಬರದ ಹಾಗೆ ಮಾಡೋದು ಬೇರೆ, ಬಂದಾಗ ಸಾಯದ ಹಾಗೆ ಮಾಡೋದು ಬೇರೆ. ಬೂಸ್ಟರ್ ಎರಡನೇದಕ್ಕೆ."

"ಅದು ನಿಮಗೆ, ನನಗೆ. ಅಕ್ಕನ ಮೈಯನ್ನ ನಾವು ಮಾತ್ರೆ ಕೊಟ್ಟು ಮಲಗಿಸಿಟ್ಟಿದೀವಿ. ಮೂರನೇ ಸಲ ಹೋಗಿ ಎಬ್ಬಿಸಿದ್ರೆ, ಎದ್ದು ಮೊದಲು ಯಾರ ಮೇಲೆ ಬೀಳುತ್ತೆ? ನನ್ನ ಕಿಡ್ನಿ ಮೇಲೆ."

"ನಿನ್ನ ಕಿಡ್ನಿ ಅಲ್ಲ ಈಗ ಅದು. ಕೊಟ್ಟಾಯ್ತು."

"ಹೌದು ಭಾವ, ಕೊಟ್ಟಾಯ್ತು. ಆದ್ರೆ ಕಾಯೋದು ನಿಂತಿಲ್ಲ ನನಗೆ."

ಆ ಭಾನುವಾರ ಅಣ್ಣ ಕರೆ ಕತ್ತರಿಸಿದ. ಭಾವ ತಮ್ಮ ಮಾತು ಸರಿ ಎಂದು ಅಡುಗೆಮನೆಯ ತನಕ ಹಿಂಬಾಲಿಸಿ ಬಂದು ನನಗೆ ವಿವರಿಸಿದರು. ಅಕ್ಕ ಹುರುಳಿಕಾಯಿ ಮುರಿಯುತ್ತ ಕೂತಿದ್ದಳು. ಇಬ್ಬರಲ್ಲಿ ಒಬ್ಬರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ನಾನೇ ಕೇಳಿದೆ, ನಿನಗೇನನ್ನಿಸುತ್ತೆ ಅಕ್ಕ ಎಂದು.

"ನನಗೆ ಧಾರೆಗೆ ಹೋಗಬೇಕು. ಅವಳು ಹುಟ್ಟಿದಾಗ ಮೊದಲು ಎತ್ಕೊಂಡೋಳು ನಾನು. ಚುಚ್ಚಿಸ್ಕೊಂಡ್ರೆ ಹೋಗಬಹುದು ಅಂದ್ರೆ ಚುಚ್ಚಿಸ್ಕೊತೀನಿ. ಬೇಡ ಅಂದ್ರೆ ಬೇಡ. ಹೋಗೋ ಹಾಗೆ ಮಾಡಿ, ಅಷ್ಟೇ."

ಕೊನೆಗೆ ಕಿಡ್ನಿ ಡಾಕ್ಟರನ್ನು ಫೋನಿನಲ್ಲಿ ಹಿಡಿದದ್ದಾಯಿತು. ಆಕೆ ಮಾತು ಕಡಿಮೆ. ಲಸಿಕೆಯಿಂದ ಕಿಡ್ನಿಗೆ ತೊಂದರೆಯಾಗುವ ಭಯಕ್ಕಿಂತ ಸೋಂಕಿನ ಭಯ ದೊಡ್ಡದು, ದಿನ ತುಂಬಿದ ತಕ್ಷಣ ಹಾಕಿಸಿ ಅಂದರು. ಭಾವನ ಮುಖ ಅರಳಿತು. ಆಕೆ ಅಲ್ಲಿಗೇ ನಿಲ್ಲಿಸಲಿಲ್ಲ. "ಇವರು ತಗೊಳ್ಳೋ ಮಾತ್ರೆಗೆ ಅದು ಎಷ್ಟು ಹಿಡಿಯುತ್ತೋ ನಾನು ಹೇಳೋಕಾಗಲ್ಲ. ಹಾಕಿಸಿ, ಹಾಕಿಸಿದ ಮೇಲೆ ಹಾಕಿಸೇ ಇಲ್ಲ ಅಂದ್ಕೊಂಡು ಇರಿ. ಮಾಸ್ಕು, ಗಾಳಿ, ದೂರ. ಮನೆಯೋರಾದ್ರೂ ಸರಿ."

ಒಂದೇ ಮಾತನ್ನು ಇಬ್ಬರೂ ಹರಿದು ಹಂಚಿಕೊಂಡರು. ಹಾಕಿಸಿ ಎಂಬುದು ಭಾವನಿಗೆ ಹೋಯಿತು, ಹೇಳೋಕಾಗಲ್ಲ ಎಂಬುದು ಅಣ್ಣನಿಗೆ. ಕೊನೆಯಲ್ಲಿ ಉಳಿದ ಎಚ್ಚರಿಕೆ ಯಾರಿಗೂ ಬೇಕಾಗಲಿಲ್ಲ.

ಸಂಕ್ರಾಂತಿಗೆ ಆ ಸಲ ನಮ್ಮ ಬೀದಿಯಲ್ಲಿ ಎಳ್ಳು ಬೀರಲು ಒಂದು ಮಗುವೂ ಬರಲಿಲ್ಲ. ಪ್ರತಿ ವರ್ಷ ಹೊಸ ಲಂಗ ತೊಟ್ಟ ಹುಡುಗಿಯರ ಗೆಜ್ಜೆ ಸದ್ದು ಸಂಜೆಯವರೆಗೂ ಇರುತ್ತಿತ್ತು. ಆ ದಿನ ಎದುರು ಮನೆಯವರು ಎಳ್ಳು ಬೆಲ್ಲದ ಪೊಟ್ಟಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗೇಟಿಗೆ ನೇತು ಹಾಕಿ ಹೋದರು. ವಾರಾಂತ್ಯದ ಕರ್ಫ್ಯೂ ಬೇರೆ. ಮನೆ ಮುಂದಿನ ರಸ್ತೆಯನ್ನು ಕಾಂಕ್ರೀಟು ಹಾಕುವುದಕ್ಕೆಂದು ಅಗೆದು ಬಿಟ್ಟಿದ್ದರು, ಕೆಲಸದವರೂ ಇಲ್ಲದೆ ಹಳ್ಳ ಬಾಯಿ ತೆರೆದುಕೊಂಡು ಬಿದ್ದಿತ್ತು. ಪಕ್ಕದ ಮನೆಯಲ್ಲಿ ಕೆಮ್ಮು, ಹಿಂದಿನ ಮನೆಯಲ್ಲಿ ಕೆಮ್ಮು. ಹೋದ ಬಾರಿಯ ಹಾಗೆ ಆಂಬುಲೆನ್ಸುಗಳ ಸದ್ದಿರಲಿಲ್ಲ. ಎಲ್ಲರೂ ನೆಗಡಿ ಅಷ್ಟೇ, ನೆಗಡಿ ಅಷ್ಟೇ ಎಂದು ನಗುತ್ತ ಹೇಳುತ್ತಿದ್ದರು. ಆ ನಗು ನನಗೆ ಆಂಬುಲೆನ್ಸಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ನೆಗಡಿಗೆ ಯಾರು ತಾನೇ ಮನೆಯಲ್ಲಿ ಕೂರುತ್ತಾರೆ?

ಹಬ್ಬ ಕಳೆದು ಅಕ್ಕನಿಗೆ ಮೂರನೇ ಡೋಸು ಆಯಿತು. ತೋಳು ಸ್ವಲ್ಪ ಊದಿಕೊಂಡಿತು, ಒಂದು ರಾತ್ರಿ ಮೈ ಬಿಸಿ. ಅಣ್ಣ ಬೆಳಗ್ಗೆ, ಮಧ್ಯಾಹ್ನ, ಸಂಜೆ ಫೋನು ಮಾಡಿದ. ಭಾವ ರಕ್ತ ಪರೀಕ್ಷೆ ಮಾಡಿಸಿದರು, ಕಿಡ್ನಿ ಚೆನ್ನಾಗಿಯೇ ಇತ್ತು. ಭಾವ ಗೆದ್ದರು ಎಂದೇ ಹೇಳಬೇಕು. ಗೆದ್ದವರಿಗಿಂತ ಹೆಚ್ಚು ಸಂತೋಷ ಪಟ್ಟವನು ಸೋತ ಅಣ್ಣ. ಅಂಗಡಿಯಲ್ಲಿದ್ದವರಿಗೆಲ್ಲ "ನಂದು ಗಟ್ಟಿ ಕಣ್ರೋ" ಎಂದು ಕಾಫಿ ತರಿಸಿದನಂತೆ. ನಾನು ಆಗ ಮನೆಯಿಂದಲೇ ಫೋನಿನಲ್ಲಿ ಕರಡು ನೋಡುತ್ತಿದ್ದೆ. ಎಷ್ಟೋ ವಾರಗಳ ಮೇಲೆ ಮನೆಯಲ್ಲಿ ಎಲ್ಲರೂ ಸರಿಯಾಗಿ ಉಸಿರು ಬಿಟ್ಟೆವು. ಹಾಕಿಸೇ ಇಲ್ಲ ಅಂದ್ಕೊಂಡು ಇರಿ ಎಂಬ ಮಾತು ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಮದುವೆಗೆ ಕರೆಯುವ ದಿನ ಬಂತು. ಆ ವರ್ಷ ಅರ್ಧ ಊರು ವಾಟ್ಸಾಪಿನಲ್ಲಿ ಕರೆಯುತ್ತಿತ್ತು, ನಮ್ಮ ವ್ಯಾಪಾರ ಅದರಿಂದಲೇ ನೆಲ ಕಚ್ಚಿತ್ತು. ಹಾಗಿದ್ದರೂ ಕಾರ್ಡು ಮಾರುವ ಮನೆಯವರೇ ಫೋನಿನಲ್ಲಿ ಕರೆದರೆ ಸುಲ್ತಾನ್‌ಪೇಟೆ ಪೂರ್ತಿ ನಗುತ್ತದೆ ಎಂದು ಅಣ್ಣನ ಹಟ. ಜನ ಕಡಿಮೆ ಕರೆಯೋಣ, ಕರೆಯುವವರನ್ನು ಮನೆಗೆ ಹೋಗಿ ಕರೆಯೋಣ ಅಂದ. ನಮ್ಮಲ್ಲಿ ಮೊದಲ ಪತ್ರಿಕೆ ದೇವರಿಗೆ. ಅದಾದ ಮೇಲೆ ಮನೆಯ ಹೆಣ್ಣುಮಕ್ಕಳಿಗೆ. ಗಂಡ ಹೆಂಡತಿ ಜೊತೆಯಾಗಿ ಬಂದು, ಕುಂಕುಮ ಇಟ್ಟು, ಮಡಿಲು ತುಂಬಿ ಕರೆಯಬೇಕು. ಕರೆಯಲು ಬಂದವರು ಏನಾದರೂ ಬಾಯಿಗೆ ಹಾಕಿಕೊಳ್ಳದೆ ಎದ್ದರೆ ಅಪಶಕುನ. ಇದನ್ನೆಲ್ಲ ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ, ನೋಡುತ್ತ ಬೆಳೆದವರು ನಾವು.

ಸೋಮವಾರ ಬೆಳಗ್ಗೆ ಅಣ್ಣ, ಅತ್ತಿಗೆ ಬಂದರು. ಎರಡೆರಡು ಮಾಸ್ಕು. ರಸ್ತೆಯ ಹಳ್ಳಕ್ಕೆ ಹಾಕಿದ್ದ ಹಲಗೆ ದಾಟಿ ಬಂದು ಗೇಟಿನ ಹತ್ತಿರವೇ ನಿಂತರು. ಅಣ್ಣ ತಾಂಬೂಲದ ತಟ್ಟೆಯನ್ನು ಕಾಂಪೌಂಡಿನ ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕ, ಇಲ್ಲಿಂದಲೇ ಕರೀತೀವಿ. ಬೇಜಾರು ಮಾಡ್ಕೋಬೇಡ" ಅಂದ. ಈ ಮಾತನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ. ಅವನು ಸರಿಯಾಗಿಯೇ ಶುರು ಮಾಡಿದ್ದ.

ಅಕ್ಕ ರೇಷ್ಮೆ ಸೀರೆ ಉಟ್ಟು, ವಿಭೂತಿ ಇಟ್ಟುಕೊಂಡು, ಬೆಳಗ್ಗೆಯೇ ಗಸಗಸೆ ಪಾಯಸ ಮಾಡಿಟ್ಟು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಚಿಕ್ಕದಾಯಿತು.

"ಹೆಣ್ಣುಮಗಳನ್ನ ಗೇಟಲ್ಲಿ ನಿಂತ್ಕೊಂಡು ಕರೀತಾರೇನೋ? ನಾನೇನು ಬೀದಿಯೋಳಾ?"

"ಹಂಗಲ್ಲ ಅಕ್ಕ..."

"ಅಪ್ಪ ಇದ್ದಿದ್ರೆ ಹಿಂಗೆ ಕರೆಯೋರಾ? ಮೂರು ಸಲ ಚುಚ್ಚಿಸ್ಕೊಂಡಿದೀನಿ. ಇನ್ನೂ ಬಾಗಿಲು ದಾಟಬೇಡ ಅಂದ್ರೆ ಯಾಕೋ ಚುಚ್ಚಿಸಿದ್ದು ನನಗೆ?"

ಭಾವ ಹಿಂದಿನಿಂದ ಬಂದರು. "ಬಾರಯ್ಯ ಒಳಗೆ. ಈಗ ಹೆದರಿಕೊಳ್ಳೋ ಅಂಥದ್ದೇನಿಲ್ಲ. ನಿನಗೆ ಇನ್ನೂ ಲಸಿಕೆ ಮೇಲೆ ನಂಬಿಕೆ ಬಂದಿಲ್ಲ ಅನ್ಸುತ್ತೆ" ಎಂದು ನಕ್ಕರು.

ಅಣ್ಣ ಅತ್ತಿಗೆಯ ಮುಖ ನೋಡಿದ. ಅಕ್ಕ ಸೆರಗಿನಲ್ಲಿ ಕಣ್ಣೊರಸಿಕೊಂಡಳು. ಅವನು ಬೇರೆ ಯಾರ ಅಳುವನ್ನಾದರೂ ತಡೆದುಕೊಂಡಾನು, ಅವಳದ್ದನ್ನಲ್ಲ. ಚಿಲಕ ತೆಗೆದು ಒಳಗೆ ಬಂದ.

ನಡುಮನೆಯಲ್ಲಿ ಕೂತೆವು. ರಸ್ತೆಯ ಸಿಮೆಂಟು ಧೂಳು ಅಕ್ಕನಿಗೆ ಆಗುವುದಿಲ್ಲ ಎಂದು ಭಾವ ತಾವೇ ಎದ್ದು ಕಿಟಕಿಗಳ ಬಾಗಿಲು ಹಾಕಿ ಅಗುಳಿ ಬಿಗಿದರು. ಅತ್ತಿಗೆ ಅಕ್ಕನಿಗೂ ನನಗೂ ಮಡಿಲು ತುಂಬಿದಳು. ಅಕ್ಕಿ, ಕೊಬ್ಬರಿ, ವೀಳ್ಯ, ರವಿಕೆ ಕಣ. ಅಣ್ಣ ಪತ್ರಿಕೆ ಕೊಟ್ಟು ಅಕ್ಕನ ಕಾಲಿಗೆ ನಮಸ್ಕಾರ ಮಾಡಿದ. ಪತ್ರಿಕೆಯಲ್ಲಿ ಸೋದರತ್ತೆ ಎಂದು ತನ್ನ ಹೆಸರಿದ್ದ ಸಾಲನ್ನು ಅಕ್ಕ ಬೆರಳಿಟ್ಟು ಓದಿದಳು. ಆಮೇಲೆ ಪಾಯಸದ ಲೋಟ ಬಂತು, ಎಲ್ಲರ ಮಾಸ್ಕೂ ಕಿವಿಯಿಂದ ಇಳಿಯಿತು.

ಕುಡಿದು ಎದ್ದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅಣ್ಣ ಲೋಟ ಕೆಳಗಿಡುತ್ತ, "ಏನೇ ಅನ್ನಿ ಭಾವ, ಈ ಲಸಿಕೆ ಹೊಸ ತಳಿ ಮುಂದೆ ಎಷ್ಟು ದಿನ ನಿಲ್ಲುತ್ತೆ ಅಂತ ಯಾರೂ ಹೇಳ್ತಿಲ್ಲ" ಅಂದ. ಭಾವನಿಗೆ ಅಷ್ಟು ಸಾಕಿತ್ತು. ಕುರ್ಚಿ ಮುಂದಕ್ಕೆ ಎಳೆದುಕೊಂಡರು. ದಿವಾನಿನ ನಡುವೆ ಅಕ್ಕ, ಅವಳ ಎಡಕ್ಕೆ ಅಣ್ಣ, ಎದುರಿಗೆ ಭಾವ. ಆ ಮೈಯಲ್ಲಿ ಅದು ಹಿಡಿಯುತ್ತದೋ ಇಲ್ಲವೋ, ಹಿಡಿದರೆ ಎಷ್ಟು ದಿನ, ಹೊಸ ತಳಿಯನ್ನು ಗುರುತು ಹಿಡಿಯುತ್ತದೋ ಇಲ್ಲವೋ, ವಾದ ಏರಿತು. ಭಾವನ ದನಿ ಹಿಂದಿನ ಬೆಂಚು ಮುಟ್ಟಿತು. ಅಣ್ಣ ಅದನ್ನೂ ಮೀರಿಸಲು ನೋಡಿದ. ಅಕ್ಕ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿ ನಗುತ್ತಿದ್ದಳು. ಎಷ್ಟೋ ದಿನದಿಂದ ಫೋನಿನ ಚೌಕದಲ್ಲಿ ಮಾತ್ರ ನೋಡಿದ್ದ ಜಗಳ ಮನೆಯೊಳಗೇ ಬಂದದ್ದು ಅವಳಿಗೆ ಹಬ್ಬ. ಮಾಸ್ಕುಗಳು ಗಲ್ಲದ ಕೆಳಗೆ ನೇತಾಡುತ್ತಿದ್ದವು. ನಾನು ಮಾತಿನ ನಡುವೆ ಬಾಯಿ ಹಾಕಿದ್ದು ಒಂದೇ ಸಲ, ಪಾಯಸ ಇನ್ನೊಂದು ಸ್ವಲ್ಪ ಬೇಕಾ ಎಂದು ಕೇಳಲು.

ಹೊರಡುವ ಮುಂಚೆ ಅಣ್ಣ ಗಂಟಲು ಸರಿ ಮಾಡಿಕೊಂಡ. "ಧೂಳು" ಅಂದ. ಭಾವ ಹೌದು, ವಿಪರೀತ ಧೂಳು ಅಂದರು. ಅಗುಳಿ ಸರಿಯಾಗಿದೆಯೇ ಎಂದು ಮತ್ತೊಮ್ಮೆ ನೋಡಿದರು.

ಹಿಂದಿನ ಶುಕ್ರವಾರ ಅಣ್ಣ ಮಲ್ಲೇಶ್ವರದ ಬೀಗರ ಮನೆಗೆ ಅವರ ಕಡೆಯವರಿಗೆ ಹಂಚಲು ಅಚ್ಚಾದ ಪತ್ರಿಕೆಗಳ ಕಟ್ಟು ಕೊಡಲು ಹೋಗಿದ್ದ. ಅಲ್ಲಿಯೂ ಬಾಯಿಗೆ ಏನಾದರೂ ಹಾಕಿಕೊಳ್ಳದೆ ಏಳುವ ಹಾಗಿರಲಿಲ್ಲ. ಆ ಮನೆಯ ಮಗುವೊಂದಕ್ಕೆ ಮೂಗು ಸೋರುತ್ತಿತ್ತಂತೆ. ಬೀಗರು ಪರರಲ್ಲವಲ್ಲ, ಅದು ಅವನ ಲೆಕ್ಕಕ್ಕೇ ಬಂದಿರಲಿಲ್ಲ.

ಬುಧವಾರ ಅವನ ಫೋನು ಬಂದದ್ದು ನನಗೆ, ಅಕ್ಕನಿಗಲ್ಲ.

"ಟೆಸ್ಟು ಮಾಡಿಸ್ದೆ. ಪಾಸಿಟಿವ್. ನೀನು ಹೋಗಿ ಹೇಳು. ನನ್ನ ಕೈಲಾಗಲ್ಲ."

ಮೆಟ್ಟಿಲಿಳಿದು ಹೋಗಿ ಬಾಗಿಲ ಹೊರಗೇ ನಿಂತು ಹೇಳಿದೆ. ಅಕ್ಕ ಮದುವೆಗೆ ಉಡುವ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಕೈ ನಿಂತಿತು. "ಅವನಿಗೆ ಜ್ವರ ಎಷ್ಟಿದೆಯಂತೆ?" ಎಂದು ಕೇಳಿದಳು. ಭಾವ ಪೇಪರಿನಿಂದ ತಲೆ ಎತ್ತಿ "ಏನೂ ಆಗಲ್ಲ, ಬೂಸ್ಟರ್ ಆಗಿದೆ" ಅಂದರು. ಹೇಳಿದ ರೀತಿಯಲ್ಲಿಯೇ ಅವರಿಗೆ ಹೆದರಿಕೆಯಾಗಿದೆ ಎಂದು ತಿಳಿಯಿತು. ಮೊದಲ ಬಾರಿಗೆ ಅವರ ದನಿ ಹಿಂದಿನ ಬೆಂಚಿಗೆ ಕೇಳಿಸುವಂತಿರಲಿಲ್ಲ.

ಆಮೇಲೆ ಕಾಯುವುದೊಂದೇ ಕೆಲಸ. ಭಾವ ಸೀನಿದರು. ನನಗೆ ಗಂಟಲು ಕೆರೆಯಿತು. ಅತ್ತಿಗೆಗೆ ಮೈಕೈ ನೋವು. ನಮಗೆಲ್ಲ ಬಂದದ್ದು ನೆಗಡಿಯೇ, ಎರಡು ದಿನ ಕಷಾಯ ಕುಡಿದು ಎದ್ದೆವು. ಅಕ್ಕ ಮಾತ್ರ ಚೆನ್ನಾಗಿಯೇ ಇದ್ದಳು. ಭಾವ ತಮ್ಮ ಕೋಣೆಯ ಬಾಗಿಲಿನಿಂದ, ನಾನು ಮೇಲಿನ ಕಿಟಕಿಯಿಂದ, ಅವಳನ್ನು ಕಾಯುತ್ತ ಕೂತೆವು. ಅವಳು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತ ತಲೆ ಎತ್ತಿ "ಯಾಕೆ ಹಂಗೆ ನೋಡ್ತೀಯೇ, ಹೆಣ ನೋಡೋ ಹಾಗೆ" ಅಂದಳು. ನಾನು ಕಿಟಕಿಯಿಂದ ಹಿಂದೆ ಸರಿದೆ. ಅವಳಿಗೆ ಬರುವುದಿಲ್ಲ, ಭಾವನೇ ಸರಿ ಎಂದು ನಂಬತೊಡಗಿದ ಹೊತ್ತಿಗೆ, ಒಂದು ಮಧ್ಯಾಹ್ನ ಊಟ ಬೇಡ ಅಂದಳು.

ಆಸ್ಪತ್ರೆಯಲ್ಲಿ ಅವಳ ಉಸಿರು ಅಷ್ಟೇನೂ ಕೆಡಲಿಲ್ಲ. ಜ್ವರ ಇಳಿಯಲಿಲ್ಲ, ಆಮೇಲೆ ಉಚ್ಚೆ ಕಡಿಮೆಯಾಯಿತು. ಅದೇ ಕಿಡ್ನಿ ಡಾಕ್ಟರು ಭಾವನನ್ನೂ ನನ್ನನ್ನೂ ಹೊರಗೆ ಕರೆದು ಬಿಡಿಸಿ ಹೇಳಿದರು. ಸೋಂಕಿನ ಜೊತೆ ಮೈ ಹೋರಾಡಬೇಕಾದರೆ ಅದನ್ನು ಮಂಕು ಮಾಡುವ ಮಾತ್ರೆಗಳನ್ನು ಕಡಿಮೆ ಮಾಡಬೇಕು. ಕಡಿಮೆ ಮಾಡಿದರೆ ಅದೇ ಮೈ ಕಿಡ್ನಿಯ ಮೇಲೆ ತಿರುಗಿ ಬೀಳಬಹುದು. ಎರಡನ್ನೂ ಒಟ್ಟಿಗೆ ಕಾಪಾಡುತ್ತೇನೆ ಎಂದು ಮಾತು ಕೊಡಲಾರೆ ಅಂದರು. ಭಾವ ನನ್ನ ಕಡೆ ನೋಡಿದರು. ಅಣ್ಣ ಭಾನುವಾರಗಳಲ್ಲಿ ಹೆದರಿದ್ದು ಇದಕ್ಕೇ. ಸೂಜಿಯಿಂದ ಬರುತ್ತದೆ ಎಂದು ಅವನು ಕಾದಿದ್ದು ನಮ್ಮ ನಡುಮನೆಯ ದಿವಾನಿನ ಮೇಲಿಂದ ಬಂದಿತ್ತು.

"ಅವಳು ಉಳೀಲಿ" ಅಂದರು ಭಾವ. "ಕಡಿಮೆ ಮಾಡಿ."

ಅಕ್ಕ ಉಳಿದಳು. ಕಿಡ್ನಿ ಉಳಿಯಲಿಲ್ಲ.

ಮದುವೆ ಗೊತ್ತಾದ ದಿನವೇ ಆಯಿತು, ಬೀಗರು ಮುಂದಕ್ಕೆ ಹಾಕಲು ಒಪ್ಪಲಿಲ್ಲ. ಅಕ್ಕ ಆಗ ಆಸ್ಪತ್ರೆಯಲ್ಲೇ ಇದ್ದಳು. ಸೋದರತ್ತೆಯ ಆರತಿಯನ್ನು ನಾನು ಎತ್ತಿದೆ. ಅಕ್ಕ ಅರ್ಧ ಕುಚ್ಚು ಕಟ್ಟಿದ್ದ ಸೀರೆಯನ್ನು ಅವಳೇ ಹೇಳಿ ಕಳಿಸಿದ್ದಕ್ಕೆ ಉಟ್ಟುಕೊಂಡು ಹೋಗಿದ್ದೆ. ಧಾರೆ ಎರೆಯುವಾಗ ಅಣ್ಣ ನೀರನ್ನು ಅಳಿಯನ ಪಂಚೆಯ ಮೇಲೆಲ್ಲ ಚೆಲ್ಲಿದ. ಮಗಳನ್ನು ಕಳಿಸುವ ದುಃಖ ಎಂದು ಜನ ಅಂದುಕೊಂಡರು.

ವಾದ ನಿಂತಿತು ಎಂದುಕೊಂಡಿದ್ದೆ. ಎಲ್ಲಿಯ ಮಾತು! ಆಸ್ಪತ್ರೆಯ ಹೊರಗಿನ ಬೆಂಚಿನಲ್ಲೇ ಅದು ಮತ್ತೆ ಎದ್ದಿತು. "ಬೂಸ್ಟರ್ ಇಲ್ಲದೆ ಇದ್ದಿದ್ರೆ ಇವತ್ತು ಅವಳು ಇರ್ತಿರಲಿಲ್ಲ" ಅಂದರು ಭಾವ. "ಬೂಸ್ಟರ್ ಇದೆ ಅಂತ ತಾನೆ ಭಾವ ನನ್ನ ಒಳಗೆ ಕರೆದಿದ್ದು" ಅಂದ ಅಣ್ಣ. ನಾನು ತಡೆಯಲಾರದೆ ಡಾಕ್ಟರನ್ನೇ ಕೇಳಿದೆ, ಇವರಿಬ್ಬರಲ್ಲಿ ಯಾರು ಸರಿ ಎಂದು. ಸಾವಿರ ಜನರ ಬಗ್ಗೆ ಕೇಳಿದರೆ ಲಸಿಕೆ ಒಳ್ಳೆಯದು ಎಂದು ಎದೆ ತಟ್ಟಿ ಹೇಳುತ್ತೇನೆ, ನಿಮ್ಮ ಅಕ್ಕ ಒಬ್ಬಳಲ್ಲಿ ಅದು ಏನು ಮಾಡಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ ಅಂದರು. ನನಗೆ ಆಗಲೂ ಸಿಟ್ಟು ಬಂತು, ಈಗಲೂ ಬರುತ್ತದೆ. ಆಕೆಯ ಮೇಲಲ್ಲ. ಕೊಟ್ಟ ಎಚ್ಚರಿಕೆಯನ್ನು ಬಿಟ್ಟು ಉತ್ತರಕ್ಕೆ ಮಾತ್ರ ಕೈ ಚಾಚುವ ನಮ್ಮ ಮೇಲೆ.

ಅಕ್ಕ ಮನೆಗೆ ಬಂದ ದಿನ ಅಣ್ಣ ಗೇಟಿನ ತನಕ ಬಂದ. ಕಾರಿನಿಂದ ಅವಳನ್ನು ಇಳಿಸಿಕೊಂಡು ನಾವು ಒಳಗೆ ಹೋದರೂ ಅವನು ಹೆಜ್ಜೆ ಇಡಲಿಲ್ಲ. ನಾನು ಹೊರಗೆ ಬಂದು ಕೈ ಹಿಡಿದು ಎಳೆದೆ. ಬಿಡಿಸಿಕೊಂಡ.

"ಕೊಟ್ಟೋನೂ ನಾನೇ, ಕಿತ್ಕೊಂಡೋನೂ ನಾನೇ. ಬಿಟ್ಬಿಡು ನನ್ನ."

ಅಲ್ಲಿಂದ ಈಚೆಗೆ ಅವನು ಆ ಮನೆಯ ಹೊಸ್ತಿಲು ತುಳಿದಿಲ್ಲ. ವಾರಕ್ಕೊಮ್ಮೆ ಬರುತ್ತಾನೆ. ಹಣ್ಣಿನ ಚೀಲವನ್ನು ಗೇಟಿಗೆ ಸಿಕ್ಕಿಸುತ್ತಾನೆ. "ನಂದು ಹೆಂಗಿದೆ?" ಎಂದು ಕೇಳುವುದಿಲ್ಲ. ಅಕ್ಕ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತು ಅವನ ಜೊತೆ ಮಾತಾಡುತ್ತಾಳೆ. ಡಯಾಲಿಸಿಸ್ ಇರುವ ದಿನ ಅವಳಿಗೆ ಕೂರಲಾಗುವುದಿಲ್ಲ, ಆ ದಿನಗಳನ್ನು ಬಿಟ್ಟೇ ಅವನು ಬರುವುದು. ಎಷ್ಟೋ ಸಲ ಒಳಗೆ ಬಾರೋ ಎಂದು ಗದರಿಸಿದಳು, ಅತ್ತಳು. ಮೊದಲ ಬಾರಿಗೆ ಅವಳ ಅಳು ಅವನ ಮೇಲೆ ಕೆಲಸ ಮಾಡಲಿಲ್ಲ.

ಈಗ ಮತ್ತೆ ಪೇಪರಿನ ಒಳಪುಟದಲ್ಲಿ ಹೊಸ ತಳಿಯೊಂದರ ಸುದ್ದಿ ಬರತೊಡಗಿದೆ. ಹೆಸರು ನೆನಪಿಡುವುದನ್ನು ಜನ ಬಿಟ್ಟಿದ್ದಾರೆ. ಔಷಧಿ ಅಂಗಡಿಯವನು ಮಾಸ್ಕು ಕೇಳಿದರೆ ಹಳೆಯ ಡಬ್ಬಿ ಹುಡುಕುತ್ತಾನೆ. ಭಾವ ಮಾತ್ರ ಕೈಯಲ್ಲಿ ಕತ್ತರಿ ಹಿಡಿದು ಸುದ್ದಿ ಕತ್ತರಿಸಿ ಇಡುತ್ತಿದ್ದಾರೆ. ಹೋದ ವಾರ ಬೆಳಗ್ಗೆ ಹಿಂದಿನ ಮನೆಯಿಂದ ಕೆಮ್ಮು ಕೇಳಿಸಿತು. ನಾನು ಕರಡು ಬಿಟ್ಟು ಎದ್ದು ಕಿಟಕಿಯ ಹತ್ತಿರ ನಿಂತೆ, ಅದು ನಿಲ್ಲುವ ತನಕ.

ಅದೇ ದಿನ ಅಣ್ಣ, ಅತ್ತಿಗೆ ಬಂದರು. ಮಗಳಿಗೆ ಏಳು ತಿಂಗಳು ತುಂಬಿ ಸೀಮಂತ. ದೇವರಿಗೆ ಮೊದಲ ಪತ್ರಿಕೆ ಇಟ್ಟು, ಎರಡನೆಯದನ್ನು ಹಿಡಿದುಕೊಂಡು ಗೇಟಿನ ಮುಂದೆ ನಿಂತರು. ರಸ್ತೆ ಈಗ ಕಾಂಕ್ರೀಟು, ಧೂಳಿಲ್ಲ. ಭಾವ ಜಗಲಿಯಿಂದಲೇ "ನೋಡಿದೆಯೇನಯ್ಯ ಪೇಪರು? ಅಕ್ಕನಿಗೆ ಇನ್ನೊಂದು ಡೋಸು ಹಾಕಿಸಬೇಕೋ ಏನೋ" ಎಂದು ಕೂಗಿದರು.

"ಡಾಕ್ಟರನ್ನ ಕೇಳಿ ಭಾವ" ಅಂದ ಅಣ್ಣ. "ಪೂರ್ತಿ ಕೇಳಿ."

ಭಾವ ಪೇಪರು ಮಡಿಸಿ ಕುರ್ಚಿಯ ಮೇಲಿಟ್ಟರು.

ಅಕ್ಕ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ಡಯಾಲಿಸಿಸ್ಸಿನ ಸೂಜಿಗಳಿಂದ ಉಬ್ಬಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಗೇಟಿನ ಈಚೆ ನಿಂತು ಮಡಿಲು ಒಡ್ಡಿದಳು. ಅತ್ತಿಗೆ ಕಂಬಿಗಳ ಮೇಲಿಂದಲೇ ಅಕ್ಕಿ ಹಾಕಿದಳು, ಒಂದಷ್ಟು ಕಾಳು ಗೇಟಿನ ಪಟ್ಟಿಯ ಮೇಲೆ ಚೆಲ್ಲಿದವು. ಅಣ್ಣ ಪತ್ರಿಕೆ ಚಾಚಿ, ನಿಂತಲ್ಲೇ ಬಗ್ಗಿ ನೆಲ ಮುಟ್ಟಿ ನಮಸ್ಕಾರ ಮಾಡಿದ. ಎದ್ದವನು ಹೊರಡಲಿಲ್ಲ. ಅಕ್ಕ ಇನ್ನೇನು ಒಳಗೆ ಬಾ ಅನ್ನುತ್ತಾಳೆ ಎಂದು, ಬೇಡವೆನ್ನಲು ತಯಾರಾಗಿ ನಿಂತಿದ್ದ. ಮಾಸ್ಕಿನ ಮೇಲೆ ಅವನ ಕಣ್ಣು ಮಾತ್ರ ಕಾಣುತ್ತಿತ್ತು.

ಅಕ್ಕ ಚಿಲಕದ ಮೇಲೆ ಕೈ ಇಟ್ಟಳು. ತೆಗೆಯಲಿಲ್ಲ. ಅದು ಬಿಗಿಯಾಗಿ ಬಿದ್ದಿದೆಯೇ ಎಂದು ಒತ್ತಿ ನೋಡಿದಳು.

"ಬೇರೆಯೋರ ಮನೇಲೂ ಹಿಂಗೇ ಹೊರಗೇ ನಿಂತ್ಕೊಂಡು ಕರಿಯೋ" ಅಂದಳು. "ನಿನ್ನ ಹತ್ರ ಉಳಿದಿರೋ ಕಿಡ್ನಿ ಒಂದೇ."